ತಂಪು ಯಂತ್ರದ ಒಳಸುರುಳಿ: ಅದರ ಆಯ್ಕೆ ಮತ್ತು ಜೋಡಣೆ

ಬೇಸಿಗೆಯಲ್ಲಿ ನಮ್ಮ ಕಲಬುರಗಿ ಸೀಮೆಯ ಯಾವ ಮನೆಗೆ ಹೋದರೂ ಒಂದು ಮೂಲೆಯಲ್ಲಿ ಮರಳಿನ ಮೇಲೆ ಕುಳಿತ ಮಣ್ಣಿನ ಕೊಡವು ಕಣ್ಣಿಗೆ ಬೀಳುತ್ತದೆ. ಹೊರಗೆ ೪೨ ಡಿಗ್ರಿಯ ಬಿಸಿಲು ಸುಡುತ್ತಿರುವಾಗಲೂ ಅದರೊಳಗಿನ ನೀರು ತಂಪಾಗಿರುತ್ತದೆ. ಕೊಡಕ್ಕೆ ವಿದ್ಯುತ್ತಿಲ್ಲ, ಯಂತ್ರವಿಲ್ಲ. ಅದರ ಮೈಯಿಂದ ಜಿನುಗಿದ ನೀರು ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಶಾಖವನ್ನು ಕಳೆದುಕೊಂಡ ನೀರು ತಣ್ಣಗಾಗುತ್ತದೆ. ಇಂದು ಅನೇಕ ಮನೆಗಳ ಗೋಡೆಯ ಮೇಲೆ ಕಾಣುವ ಏಸಿ ಯಂತ್ರದ ಗುಟ್ಟೂ ಮೂಲತಃ ಇದೇ ಆಗಿದೆ. ಆ ಬಿಳಿಯ ಪೆಟ್ಟಿಗೆಯೊಳಗೆ ಅಡಗಿರುವ ತಾಮ್ರದ ಸುರುಳಿಯನ್ನು ಕುರಿತು ನಾಲ್ಕು ಮಾತು ಬರೆಯುವುದೇ ಈ ಲೇಖನದ ಉದ್ದೇಶ.

ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಓದುವ ಬಿ.ಎ. ವಿದ್ಯಾರ್ಥಿಗೆ ಈ ಉಸಾಬರಿ ಏಕೆಂದು ಮಿತ್ರರು ನಗಬಹುದು. ಅದಕ್ಕೆ ಕಾರಣ ಹೇಳಿಬಿಡುತ್ತೇನೆ. ನನ್ನ ತಂದೆ ತೊಗರಿ ಬೇಳೆಯ ಮಿಲ್ಲಿನಲ್ಲಿ ಹಮಾಲರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ಸೋದರಮಾವ ಏಸಿ ಮೆಕ್ಯಾನಿಕ್. ಕಳೆದ ಮೂರು ಬೇಸಿಗೆಗಳಲ್ಲಿ ನಾನು ಅವನ ಕೈಕೆಳಗೆ ದುಡಿದಿದ್ದೇನೆ. ನನ್ನ ಶುಲ್ಕ ಮತ್ತು ಪುಸ್ತಕಗಳ ಖರ್ಚು ಬಹುಮಟ್ಟಿಗೆ ಅದರಿಂದಲೇ ನಡೆದಿದೆ. ಮಾವ ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ಯಂತ್ರದ ಜೊತೆಗೆ ಬರುವ ಇಂಗ್ಲಿಷ್ ಕೈಪಿಡಿಯನ್ನು ನಾನು ಓದಿ ಕನ್ನಡದಲ್ಲಿ ಹೇಳುತ್ತೇನೆ. ಅದರ ಅರ್ಥವೇನೆಂಬುದನ್ನು ಅವನು ಕೈಯಿಂದ ಮಾಡಿ ತೋರಿಸುತ್ತಾನೆ. ನಮ್ಮಿಬ್ಬರನ್ನೂ ಕೂಡಿಸಿದರೆ ಒಬ್ಬ ಪೂರ್ಣ ಮೆಕ್ಯಾನಿಕ್ ಆಗುತ್ತಾನೆಂದು ತಮಾಷೆಗೆ ಹೇಳುವುದುಂಟು. ಇಲ್ಲಿ ಬರೆದಿರುವುದರಲ್ಲಿ ಒಳ್ಳೆಯದೆಲ್ಲ ಅವನದು, ತಪ್ಪಿದ್ದರೆ ನನ್ನದು.

ತತ್ತ್ವ

ಏಸಿ ಯಂತ್ರವು ತಂಪನ್ನು ತಯಾರಿಸುತ್ತದೆಂದು ನಾವು ತಿಳಿದಿರುತ್ತೇವೆ. ಅದು ನಿಜವಲ್ಲ. ತಂಪೆಂಬ ಪದಾರ್ಥವೇ ಇಲ್ಲ. ಇರುವುದು ಶಾಖ ಮಾತ್ರ. ಅದನ್ನು ಕೋಣೆಯೊಳಗಿಂದ ಹೊತ್ತು ಹೊರಗೆ ಚೆಲ್ಲುವುದೇ ಯಂತ್ರದ ಕೆಲಸ. ನನ್ನ ತಂದೆ ಚೀಲ ಹೊತ್ತು ಲಾರಿಗೆ ಹಾಕುವಂತೆ ಯಂತ್ರವು ಶಾಖವನ್ನು ಹೊರುತ್ತದೆ.

ಹೊರುವ ಹಮಾಲ ಯಾರೆಂದರೆ, ನಾವು ವಾಡಿಕೆಯಲ್ಲಿ 'ಗ್ಯಾಸ್' ಎಂದು ಕರೆಯುವ ಶೈತ್ಯಕಾರಿ ದ್ರವ್ಯ. ನೀರು ಸಾಮಾನ್ಯ ಒತ್ತಡದಲ್ಲಿ ೧೦೦ ಡಿಗ್ರಿಗೆ ಕುದಿಯುತ್ತದೆ. ಸೊನ್ನೆಯಿಂದ ನೂರು ಡಿಗ್ರಿಗೆ ಏರಲು ನೀರಿಗೆ ಎಷ್ಟು ಶಾಖ ಬೇಕೋ, ಕುದಿದು ಪೂರ್ತಿ ಆವಿಯಾಗಲು ಅದರ ಐದು ಪಟ್ಟಿಗೂ ಹೆಚ್ಚು ಶಾಖ ಬೇಕು. ಆವಿಯಾಗುವ ದ್ರವದ ಹಸಿವು ಅಂಥದು. ಆದರೆ ನಮ್ಮ ಕೋಣೆ ೧೦೦ ಡಿಗ್ರಿಯಲ್ಲಿರುವುದಿಲ್ಲವಷ್ಟೆ. ಆದುದರಿಂದ ಬಹು ಕಡಿಮೆ ಉಷ್ಣತೆಯಲ್ಲಿ ಕುದಿಯುವ ದ್ರವ್ಯವೇ ಬೇಕು. ಇಂದಿನ ಅನೇಕ ಯಂತ್ರಗಳಲ್ಲಿರುವ ಆರ್-೩೨ ಎಂಬ ದ್ರವ್ಯವು ಸಾಮಾನ್ಯ ಒತ್ತಡದಲ್ಲಿ ಸೊನ್ನೆಗಿಂತ ಸುಮಾರು ೫೨ ಡಿಗ್ರಿ ಕೆಳಗೇ ಕುದಿಯುತ್ತದೆ. ಯಂತ್ರದೊಳಗೆ ಅದನ್ನು ತಕ್ಕ ಒತ್ತಡದಲ್ಲಿ ಹಿಡಿದಿಟ್ಟು, ಒಳಸುರುಳಿಯಲ್ಲಿ ಸುಮಾರು ೫ರಿಂದ ೧೦ ಡಿಗ್ರಿಯಲ್ಲಿ ಕುದಿಯುವಂತೆ ಮಾಡುತ್ತಾರೆ.

ಫ್ಯಾನು ಕೋಣೆಯ ಬಿಸಿಗಾಳಿಯನ್ನು ಸುರುಳಿಯ ಮೇಲೆ ಹಾಯಿಸುತ್ತದೆ. ಗಾಳಿಯ ಶಾಖವನ್ನು ಕುಡಿದು ದ್ರವವು ಆವಿಯಾಗುತ್ತದೆ. ಹೊರಗಿನ ಪೆಟ್ಟಿಗೆಯಲ್ಲಿರುವ ಕಂಪ್ರೆಸರ್ ಆ ಆವಿಯನ್ನು ಎಳೆದು ಒತ್ತುತ್ತದೆ. ಒತ್ತಿದ ಆವಿಯು ಹೊರಗಿನ ಬಿಸಿಲಿಗಿಂತಲೂ ಬಿಸಿಯಾಗಿ, ಹೊರಸುರುಳಿಯಲ್ಲಿ ತನ್ನ ಶಾಖವನ್ನು ಬಿಟ್ಟು ಮತ್ತೆ ದ್ರವವಾಗುತ್ತದೆ. ಬಳಿಕ ಅತಿ ಕಿರಿದಾದ ದಾರಿಯೊಂದರಲ್ಲಿ ತೂರಿ ಬರುವಾಗ ಅದರ ಒತ್ತಡ ತಟ್ಟನೆ ಇಳಿಯುತ್ತದೆ. ತಣ್ಣಗಾದ ಅದು ಪುನಃ ಒಳಸುರುಳಿಗೆ ಬರುತ್ತದೆ. ಯಂತ್ರ ನಡೆಯುವವರೆಗೂ ಈ ಪ್ರದಕ್ಷಿಣೆ ನಡೆದೇ ಇರುತ್ತದೆ.

ಇದನ್ನು ಒಂದು ರಾತ್ರಿ ತಂದೆಗೆ ಕೊಡದ ಉದಾಹರಣೆಯಿಂದಲೇ ವಿವರಿಸಿದೆ. ಅವರು ಎಲ್ಲವನ್ನೂ ಕೇಳಿ, "ಹಂಗಾದ್ರ ಅದೂ ಒಂದು ಕೊಡಾನೇ ಅದ ಬಿಡು, ಸೋರಿದ ನೀರು ತಿರುಗಿ ಒಳಗ ತುಂಬ್ಕೊಳ್ಳೂ ಕೊಡ" ಎಂದರು. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬಾರದು.

ಒಳಸುರುಳಿಗೆ ಇನ್ನೊಂದು ಕೆಲಸವೂ ಇದೆ. ತಂಪು ಲೋಟದ ಹೊರಮೈಯಲ್ಲಿ ಹನಿಗಳು ಕೂಡುವಂತೆ ಗಾಳಿಯಲ್ಲಿರುವ ತೇವವು ಈ ಸುರುಳಿಯ ಮೇಲೆ ನೀರಾಗಿ ಇಳಿಯುತ್ತದೆ. ೧೯೦೨ರಲ್ಲಿ ಅಮೆರಿಕದ ಇಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ ಅವರು ಬ್ರೂಕ್ಲಿನ್ನಿನ ಮುದ್ರಣಾಲಯವೊಂದಕ್ಕಾಗಿ ಇಂಥ ವ್ಯವಸ್ಥೆಯನ್ನು ಯೋಜಿಸಿದಾಗ ಅವರ ಎದುರಿಗಿದ್ದ ಸಮಸ್ಯೆ ಸೆಕೆಯಲ್ಲ, ತೇವ. ತೇವದಿಂದ ಕಾಗದವು ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಸ್ಥಾನ ತಪ್ಪುತ್ತಿದ್ದವು. ಗಾಳಿಯನ್ನು ತಣ್ಣನೆಯ ಸುರುಳಿಗಳ ಮೇಲೆ ಹಾಯಿಸಿ ತೇವ ತೆಗೆಯುವುದೇ ಅವರು ಕಂಡುಕೊಂಡ ಉಪಾಯ. ಮನುಷ್ಯರ ಸುಖಕ್ಕಾಗಿ ನಾವಿಂದು ಕೊಳ್ಳುವ ಯಂತ್ರವು ಮೊದಲು ಹುಟ್ಟಿದ್ದು ಕಾಗದದ ಕ್ಷೇಮಕ್ಕಾಗಿ ಎಂಬುದು ಇತಿಹಾಸದ ವಿದ್ಯಾರ್ಥಿಗೆ ಸ್ವಾರಸ್ಯಕರವಾದ ಸಂಗತಿ. ಕಾಗದ ಮತ್ತು ನೀರಿನ ಈ ಮಾತು ನನಗೆ ಇನ್ನೊಂದು ಕಾರಣಕ್ಕೂ ನೆನಪಿನಲ್ಲಿದೆ; ಅದನ್ನು ಮುಂದೆ ಹೇಳುತ್ತೇನೆ.

ಆಯ್ಕೆ

ಯಂತ್ರ ಕೊಳ್ಳುವವರು ಅಂಗಡಿಯಲ್ಲಿ ಮೊದಲು ಕೇಳುವುದು "ಎಷ್ಟು ಟನ್?" ಎಂದು. ಇದು ಯಂತ್ರದ ತೂಕವಲ್ಲ. ಮಂಜುಗಡ್ಡೆಯನ್ನು ಮಾರುತ್ತಿದ್ದ ಕಾಲದಿಂದ ಉಳಿದ ಅಳತೆ ಇದು. ೨,೦೦೦ ಪೌಂಡು, ಅಂದರೆ ಸುಮಾರು ೯೦೭ ಕಿಲೋ ಮಂಜುಗಡ್ಡೆ ೨೪ ಗಂಟೆಗಳಲ್ಲಿ ಕರಗುವಾಗ ಎಷ್ಟು ಶಾಖವನ್ನು ಹೀರುತ್ತದೆಯೋ ಅಷ್ಟು ಶಾಖವನ್ನು ಅಷ್ಟೇ ಕಾಲದಲ್ಲಿ ಹೊರಹಾಕುವ ಶಕ್ತಿಗೆ ಒಂದು ಟನ್ ಎಂದು ಹೆಸರು. ಇದು ಸುಮಾರು ಮೂರೂವರೆ ಕಿಲೋವ್ಯಾಟ್ ಶಾಖ. ಹೊರುವುದಕ್ಕೆ ಮಾತ್ರ ಕೂಲಿ ಕೊಡುವುದರಿಂದ ಯಂತ್ರವು ತಿನ್ನುವ ವಿದ್ಯುತ್ತು ಇದಕ್ಕಿಂತ ಬಹಳ ಕಡಿಮೆ. ಸಾಮಾನ್ಯವಾಗಿ ಮೂರರಲ್ಲಿ ಒಂದು ಭಾಗ, ಒಳ್ಳೆಯ ಯಂತ್ರದಲ್ಲಿ ಇನ್ನೂ ಕಡಿಮೆ.

ನೂರರಿಂದ ನೂರಿಪ್ಪತ್ತು ಚದರಡಿಯ ಕೋಣೆಗೆ ಒಂದು ಟನ್, ನೂರೈವತ್ತು ದಾಟಿದರೆ ಒಂದೂವರೆ ಟನ್ ಎಂಬುದು ಸ್ಥೂಲವಾದ ಲೆಕ್ಕ. ಆದರೆ ಮಾವ ಟೇಪು ಬಿಚ್ಚುವ ಮೊದಲು ತಲೆ ಎತ್ತಿ ಮಾಳಿಗೆ ನೋಡುತ್ತಾನೆ. ಮೇಲೆ ಮತ್ತೊಂದು ಅಂತಸ್ತು ಇದೆಯೋ, ಅಥವಾ ಇಡೀ ದಿನ ಬಿಸಿಲು ಕುಡಿಯುವ ಬರಿಯ ಸ್ಲ್ಯಾಬೋ? ಪಶ್ಚಿಮಕ್ಕೆ ಕಿಟಕಿ ಇದೆಯೇ? ಕೋಣೆಯಲ್ಲಿ ಎಷ್ಟು ಜನ ಮಲಗುತ್ತಾರೆ? ಅಡಿಗೆಮನೆಯ ಬಾಗಿಲು ಇತ್ತಲೇ ತೆರೆಯುತ್ತದೆಯೇ? ಇವುಗಳಿಗೆ ಉತ್ತರ ಸಿಗದೆ ಟನ್ನನ್ನು ನಿರ್ಧರಿಸುವುದು ರೋಗಿಯನ್ನು ನೋಡದೆ ಔಷಧ ಬರೆದಂತೆ. ದೊಡ್ಡದನ್ನೇ ತಂದುಬಿಟ್ಟರಾಯಿತು ಎಂಬುದೂ ತಪ್ಪು ಎಣಿಕೆ. ಅತಿ ದೊಡ್ಡ ಯಂತ್ರವು ಗಾಳಿಯನ್ನು ಬೇಗನೆ ತಣಿಸಿ ನಿಂತುಬಿಡುತ್ತದೆ. ತೇವ ಇಳಿಯಲು ಸಾಕಷ್ಟು ಹೊತ್ತು ಸಿಗುವುದಿಲ್ಲ. ಒಣ ಸೆಕೆಯ ನಮ್ಮ ಕಲಬುರಗಿ, ರಾಯಚೂರುಗಳಲ್ಲಿ ಬೇಸಿಗೆಯ ದಿನ ಇದು ಅಷ್ಟಾಗಿ ತಿಳಿಯದು. ಮಂಗಳೂರಿನಂಥ ಕರಾವಳಿಯ ಊರಿನಲ್ಲಿ ಕೋಣೆ ತಂಪಾದರೂ ಮೈ ಅಂಟುವುದು ನಿಲ್ಲುವುದಿಲ್ಲ. ವೇಗವನ್ನು ತಾನೇ ತಗ್ಗಿಸಿಕೊಳ್ಳುವ ಇನ್ವರ್ಟರ್ ಯಂತ್ರಗಳಲ್ಲಿ ಈ ದೋಷ ಕಡಿಮೆ, ಇಲ್ಲವೇ ಇಲ್ಲವೆಂದಲ್ಲ.

ಇನ್ನು ಸುರುಳಿಯ ಮಾತು. ಮುಚ್ಚಳ ತೆಗೆದು ನೋಡಿದರೆ ತೆಳುವಾದ ಅಲ್ಯೂಮಿನಿಯಂ ಎಲೆಗಳ ಒತ್ತಾದ ಸಾಲು, ಅವುಗಳನ್ನು ತೂರಿ ಹಿಂದಕ್ಕೂ ಮುಂದಕ್ಕೂ ಹೋಗುವ ಕೊಳವೆಗಳು ಕಾಣುತ್ತವೆ. ಕೊಳವೆ ಒಂದೇ ಇದ್ದರೆ ಗಾಳಿಗೆ ತಾಗುವ ಮೈ ಸಾಲದು. ಎಲೆಗಳು ಆ ಮೈಯನ್ನು ಅನೇಕ ಪಟ್ಟು ಹೆಚ್ಚಿಸುತ್ತವೆ. ಕೊಳವೆಯು ತಾಮ್ರದ್ದಾಗಿರಬಹುದು, ಅಲ್ಯೂಮಿನಿಯಮ್ಮಿನದಾಗಿರಬಹುದು. ತಾಮ್ರವು ಶಾಖವನ್ನು ಚೆನ್ನಾಗಿ ಒಯ್ಯುತ್ತದೆ. ತೂತು ಬಿದ್ದರೆ ಬೆಸುಗೆ ಹಾಕುವುದು ಸುಲಭ. ಅಲ್ಯೂಮಿನಿಯಂ ಅಗ್ಗ, ಹಗುರ. ಆದರೆ ರಿಪೇರಿಗೆ ಕಷ್ಟ. ಹಾಗೆಂದು ತಾಮ್ರಕ್ಕೆ ಶತ್ರುಗಳಿಲ್ಲವೆಂದಲ್ಲ. ಹೊಸ ಬಣ್ಣ, ಪ್ಲೈವುಡ್ಡಿನ ಅಂಟು, ಕೆಲವು ತೊಳೆಯುವ ದ್ರಾವಣಗಳಿಂದ ಬರುವ ಆಮ್ಲಾಂಶವು ಸುರುಳಿಯ ಮೇಲಿನ ತೇವದೊಡನೆ ಸೇರಿ ತಾಮ್ರದೊಳಗೆ ಸೂಜಿಮೊನೆಯಂಥ ಸುರಂಗಗಳನ್ನು ಕೊರೆಯುತ್ತದೆ. ಅವು ಇರುವೆಯ ಗೂಡಿನಂತೆ ಕವಲೊಡೆಯುವುದರಿಂದ ಬಲ್ಲವರು ಇದನ್ನು ಇರುವೆಗೂಡಿನ ಸವೆತವೆಂದೇ ಕರೆಯುತ್ತಾರೆ. ಹೊಸದಾಗಿ ಬಣ್ಣ ಬಳಿದ ಕೋಣೆಯ ಕಿಟಕಿಗಳನ್ನು ಕೆಲವು ದಿನ ತೆರೆದಿಟ್ಟು, ಆಮೇಲೆ ಯಂತ್ರ ಕೂಡಿಸುವುದು ಒಳ್ಳೆಯದು.

ಒಳಸುರುಳಿ ಮತ್ತು ಹೊರಪೆಟ್ಟಿಗೆ ಒಂದಕ್ಕೊಂದು ಹೊಂದಿಕೆಯಾಗಬೇಕಾದುದು ಬಹು ಮುಖ್ಯ. ಅಮೆರಿಕದ ಅನೇಕ ಮನೆಗಳಲ್ಲಿ ಇಡೀ ಮನೆಗೆ ಒಂದೇ ವ್ಯವಸ್ಥೆಯಿದ್ದು, ಗಾಳಿಯು ತಗಡಿನ ಕಾಲುವೆಗಳಲ್ಲಿ ಕೋಣೆ ಕೋಣೆಗೆ ಹರಿಯುತ್ತದೆ. ಅಲ್ಲಿ ಒಳಸುರುಳಿಯನ್ನು ಪ್ರತ್ಯೇಕವಾಗಿ ಆರಿಸಿ ಕೊಳ್ಳುವುದೂ ಉಂಟು. ನಮ್ಮಲ್ಲಿ ಎರಡೂ ಪೆಟ್ಟಿಗೆಗಳು ಜೋಡಿಯಾಗಿಯೇ ಬರುತ್ತವೆ. ಆದರೆ ನಾಲ್ಕಾರು ವರ್ಷಗಳ ನಂತರ ಒಳಸುರುಳಿ ಸೋರಿದಾಗ ಈ ಪ್ರಶ್ನೆ ನಮ್ಮ ಬಾಗಿಲಿಗೂ ಬರುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಅಳತೆಯಲ್ಲಿ ಚಿಕ್ಕದಾದ ಸುರುಳಿಯನ್ನು ಹಾಕಿಸಿದರೆ ಅದು ಕಂಪ್ರೆಸರಿನ ಎಳೆತಕ್ಕೆ ಸಾಕಾಗುವಷ್ಟು ಶಾಖವನ್ನು ಕೊಡಲಾರದು. ಆಗ ಸುರುಳಿಯ ಉಷ್ಣತೆ ಸೊನ್ನೆಗಿಂತ ಕೆಳಗಿಳಿದು ಮಂಜು ಕಟ್ಟುತ್ತದೆ. ಆವಿಯಾಗದೆ ಉಳಿದ ದ್ರವವು ಕಂಪ್ರೆಸರಿಗೆ ನುಗ್ಗಿ ಅದನ್ನೇ ಕೆಡಿಸಬಹುದು. ಎತ್ತಿನ ಜೋಡಿಯಲ್ಲಿ ಒಂದು ಎಳಗರುವಾದರೆ ಬಂಡಿಯ ಗತಿಯೇನು?

ಗ್ಯಾಸನ್ನೂ ವಿಚಾರಿಸಬೇಕು. ಹಳೆಯ ಯಂತ್ರಗಳಲ್ಲಿದ್ದ ಆರ್-೨೨ ಓಜೋನ್ ಪದರಕ್ಕೆ ಹಾನಿಕರವಾದುದರಿಂದ ೧೯೮೭ರ ಮಾಂಟ್ರಿಯಲ್ ಒಪ್ಪಂದದ ವ್ಯವಸ್ಥೆಗೊಳಪಟ್ಟು ಬಳಕೆಯಿಂದ ಹಿಂದೆ ಸರಿಯುತ್ತಿದೆ. ಅನಂತರ ಬಂದ ಆರ್-೪೧೦ಎ ಓಜೋನಿಗೆ ಹಾನಿ ಮಾಡದಿದ್ದರೂ ಭೂಮಿಯನ್ನು ಬಿಸಿಮಾಡುವುದರಲ್ಲಿ ಬಲಶಾಲಿ. ಆರ್-೩೨ರ ಆ ದೋಷ ಅದರ ಸುಮಾರು ಮೂರನೆಯ ಒಂದರಷ್ಟು. ಆದರೆ ಅದಕ್ಕೆ ಸ್ವಲ್ಪಮಟ್ಟಿಗೆ ಹೊತ್ತಿಕೊಳ್ಳುವ ಗುಣವಿದೆ. ಆರ್-೨೯೦ ಎಂಬುದಂತೂ ಶುದ್ಧೀಕರಿಸಿದ ಪ್ರೊಪೇನೇ. ಒಂದಕ್ಕಾಗಿ ಮಾಡಿದ ಯಂತ್ರದಲ್ಲಿ ಇನ್ನೊಂದನ್ನು ತುಂಬಕೂಡದು. ಹೊಸ ಗ್ಯಾಸುಗಳ ಕೆಲಸ ಮಾಡುವ ಕೋಣೆಯಲ್ಲಿ ಕಿಟಕಿ ತೆರೆದಿರಬೇಕು, ಬೀಡಿ ಸಿಗರೇಟು ಕೂಡದು.

ಜೋಡಣೆ

ಮೊದಲು ಸ್ಥಳ. ಒಳಪೆಟ್ಟಿಗೆಯನ್ನು ನೆಲದಿಂದ ಏಳೆಂಟು ಅಡಿ ಎತ್ತರದಲ್ಲಿ, ಮೇಲೆ ಮಾಳಿಗೆಗೆ ಅರ್ಧ ಅಡಿಯಷ್ಟು ಅಂತರ ಬಿಟ್ಟು ಕೂಡಿಸಬೇಕು. ಗಾಳಿಯನ್ನು ಅದು ಮೇಲಿನಿಂದಲೇ ಎಳೆದುಕೊಳ್ಳುತ್ತದೆ. ಎದುರಿಗೆ ಕಪಾಟು, ಪರದೆ ಅಡ್ಡ ಬರಬಾರದು. ನೇರವಾಗಿ ತಲೆದಿಂಬಿನ ಮೇಲಾಗಲಿ, ಟೀವಿಯ ಮೇಲಾಗಲಿ, ಪುಸ್ತಕದ ಕಪಾಟಿನ ಮೇಲಾಗಲಿ ಇರಬಾರದು. ಹೊರಪೆಟ್ಟಿಗೆಗೆ ಪೈಪಿನ ದಾರಿ ಆದಷ್ಟು ಚಿಕ್ಕದಿರಬೇಕು, ಆದರೆ ಕೈಪಿಡಿ ಹೇಳುವ ಕನಿಷ್ಠ ಅಳತೆಗಿಂತ ಕಡಿಮೆಯಾಗಬಾರದು.

ಹಿಂದಿನ ಕಬ್ಬಿಣದ ಪ್ಲೇಟನ್ನು ರಸಮಟ್ಟವಿಟ್ಟು ಗೋಡೆಗೆ ಬಿಗಿಯುತ್ತೇವೆ. ಬಳಿಕ ಪೈಪು ಹೋಗಲು ಎರಡೂವರೆ ಮೂರು ಇಂಚಿನ ತೂತು. ಹೊಸ ಮನೆಗಳ ಇಟ್ಟಿಗೆ ಗೋಡೆಯಲ್ಲಿ ಇದು ಬೇಗನೆ ಆಗುವ ಕೆಲಸ. ನಮ್ಮ ಹಳೆಯ ಓಣಿಗಳ ಕಲ್ಲುಗೋಡೆಗಳಲ್ಲಿ ಅರ್ಧ ದಿನವೇ ಹೋದದ್ದುಂಟು. ತೂತು ಹೊರಗಡೆಗೆ ತುಸು ಇಳಿಜಾರಾಗಿರಬೇಕು. ಇಲ್ಲದಿದ್ದರೆ ಮಳೆಯ ನೀರು ಒಳಕ್ಕೂ, ಸುರುಳಿಯ ನೀರು ಗೋಡೆಯೊಳಕ್ಕೂ ಇಳಿಯುತ್ತದೆ.

ಎರಡು ತಾಮ್ರದ ಪೈಪುಗಳಿರುತ್ತವೆ. ಒಂದು ಸಣ್ಣದು, ಒಂದು ದಪ್ಪ. ಅವುಗಳ ತುದಿಯನ್ನು ತುತ್ತೂರಿಯಂತೆ ಅರಳಿಸಿ ನಟ್ಟಿನಿಂದ ಬಿಗಿಯುವುದಕ್ಕೆ ಫ್ಲೇರ್ ಎನ್ನುತ್ತಾರೆ. ಕತ್ತರಿಸಿದ ತುದಿಯ ಚೂಪನ್ನು ತೆಗೆಯುವಾಗ ಪೈಪನ್ನು ಕೆಳಮುಖವಾಗಿ ಹಿಡಿಯಬೇಕು. ಇಲ್ಲವಾದರೆ ತಾಮ್ರದ ಪುಡಿ ಒಳಗೆ ಬೀಳುತ್ತದೆ. ನಟ್ಟನ್ನು ಮೊದಲು ಕೈಯಿಂದಲೇ ತಿರುಗಿಸಿ ಕೂಡಿಸಿ, ಆಮೇಲೆ ಎರಡು ಪಾನಗಳಿಂದ ಬಿಗಿಯಬೇಕು. ಸಡಿಲಾದರೆ ಸೋರುತ್ತದೆ, ಅತಿಯಾಗಿ ಬಿಗಿದರೆ ಅರಳಿಸಿದ ಅಂಚು ಬಿರಿದು ಇನ್ನೂ ಬೇಗ ಸೋರುತ್ತದೆ. ಎರಡು ಪೈಪುಗಳಿಗೂ ಬೇರೆಬೇರೆಯಾಗಿ ಇನ್ಸುಲೇಷನ್ ಹೊದಿಸಬೇಕು. ನಮ್ಮ ಸ್ಪ್ಲಿಟ್ ಯಂತ್ರಗಳಲ್ಲಿ ಒತ್ತಡ ಇಳಿಸುವ ಕಿರುದಾರಿಯು ಸಾಮಾನ್ಯವಾಗಿ ಹೊರಪೆಟ್ಟಿಗೆಯಲ್ಲಿಯೇ ಇರುವುದರಿಂದ ಸಣ್ಣ ಪೈಪೂ ತಣ್ಣಗಿರುತ್ತದೆ. ಬರಿಮೈಯಲ್ಲಿ ಬಿಟ್ಟರೆ ಅದೂ ಬೆವರಿ ಗೋಡೆಯನ್ನು ನೆನೆಸುತ್ತದೆ.

ಸೋರಿಕೆಯ ಪರೀಕ್ಷೆಗೆ ಒಣ ನೈಟ್ರೋಜನ್ ಒಂದೇ ಯೋಗ್ಯ. ಆಮ್ಲಜನಕವನ್ನು ಎಂದಿಗೂ ತುಂಬಬಾರದು. ಯಂತ್ರದ ಎಣ್ಣೆಯೊಡನೆ ಸೇರಿ ಅದು ಸಿಡಿಯಬಹುದು. ನೈಟ್ರೋಜನ್ ತುಂಬಿ, ಸಂದುಗಳಿಗೆ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಬೇಕು.

ಇನ್ನು ಅವಸರದ ಕೆಲಸಗಾರರು ಬಿಟ್ಟುಬಿಡುವ, ಯಜಮಾನರ ಕಣ್ಣಿಗೆ ಬೀಳದ ಹಂತ: ವ್ಯಾಕ್ಯೂಮ್. ಪೈಪು ಮತ್ತು ಒಳಸುರುಳಿಯಲ್ಲಿ ತುಂಬಿಕೊಂಡಿರುವ ಗಾಳಿಯನ್ನು ಪಂಪಿನಿಂದ ಪೂರ್ತಿಯಾಗಿ ಎಳೆದುಹಾಕಬೇಕು. ಗಾಳಿಯೊಡನೆ ತೇವವೂ ಇರುತ್ತದೆ. ಒತ್ತಡ ಇಳಿದಾಗ ನೀರು ಕೋಣೆಯ ಉಷ್ಣತೆಯಲ್ಲೇ ಕುದಿದು ಆವಿಯಾಗಿ ಹೊರಬೀಳುತ್ತದೆ. ಇಲ್ಲಿಯೂ ನಮ್ಮ ಕೊಡದ ತತ್ತ್ವವೇ. ತೇವ ಉಳಿದರೆ ಅದು ಕಿರುದಾರಿಯಲ್ಲಿ ಹೆಪ್ಪುಗಟ್ಟಿ ಅಡ್ಡ ನಿಲ್ಲಬಹುದು, ಎಣ್ಣೆಯೊಡನೆ ಸೇರಿ ಆಮ್ಲವಾಗಿ ಕಂಪ್ರೆಸರನ್ನು ತಿನ್ನಬಹುದು. ಅರ್ಧ ಗಂಟೆ ಪಂಪು ನಡೆಸಿ, ನಿಲ್ಲಿಸಿ, ಗೇಜಿನ ಮುಳ್ಳು ಸ್ಥಿರವಾಗಿದೆಯೇ ಎಂದು ಕಾದು ನೋಡಬೇಕು. ಮುಳ್ಳು ಹಿಂದಿರುಗಿದರೆ ಎಲ್ಲಿಯೋ ಸೋರಿಕೆ ಇದೆ, ಇಲ್ಲವೆ ತೇವ ಉಳಿದಿದೆ. ಪಂಪನ್ನೇ ತಾರದೆ, ಯಂತ್ರದ ಗ್ಯಾಸನ್ನೇ ಸ್ವಲ್ಪ ಬಿಟ್ಟು ಗಾಳಿಯನ್ನು ಊದಿ ಹೊರಡುವವರುಂಟು. ಯಂತ್ರವು ಅಂದೂ ತಂಪಾಗುತ್ತದೆ, ಮರುದಿನವೂ ತಂಪಾಗುತ್ತದೆ. ಅದರ ಆಯುಷ್ಯ ಮಾತ್ರ ಕುಗ್ಗಿರುತ್ತದೆ. ನಿಂತ ಮುಳ್ಳನ್ನು ನೋಡಿಯೇ ಮಾವ ಹೊರಪೆಟ್ಟಿಗೆಯ ವಾಲ್ವುಗಳನ್ನು ತೆರೆದು ಗ್ಯಾಸನ್ನು ಒಳಸುರುಳಿಗೆ ಬಿಡುತ್ತಾನೆ. ಯಂತ್ರ ನಡೆದು ಇಪ್ಪತ್ತು ನಿಮಿಷಗಳಾದ ಮೇಲೆ ಒಳಹೋಗುವ ಗಾಳಿಗೂ ಹೊರಬರುವ ಗಾಳಿಗೂ ಎಂಟರಿಂದ ಹನ್ನೆರಡು ಡಿಗ್ರಿ ಅಂತರವಿದ್ದರೆ ಸುರುಳಿಯು ತನ್ನ ಕೆಲಸ ಮಾಡುತ್ತಿದೆಯೆಂದು ತಿಳಿಯಬಹುದು.

ನನ್ನದೊಂದು ತಪ್ಪು

ಸುರುಳಿಯಿಂದ ಇಳಿದ ನೀರು ಕೆಳಗಿನ ತಟ್ಟೆಗೆ ಬಿದ್ದು, ಡ್ರೈನ್ ಪೈಪಿನ ಮೂಲಕ ಹೊರಗೆ ಹೋಗಬೇಕು. ಅದನ್ನು ತಳ್ಳುವ ಪಂಪು ಯಾವುದೂ ಇಲ್ಲ. ಇಳಿಜಾರೊಂದೇ ಅದರ ಬಲ. ಒಂದಡಿಗೆ ಕಾಲಿಂಚಿನಷ್ಟಾದರೂ ಇಳಿಜಾರು ಇರಲೆಂದು ಮಾವ ಹೇಳುತ್ತಾನೆ. ಪೈಪು ಎಲ್ಲಿಯೂ ಮೇಲಕ್ಕೆ ಏಳಬಾರದು, ನಡುವೆ ಜೋಲಬಾರದು, ಅದರ ತುದಿ ನೀರಿನಲ್ಲಿ ಮುಳುಗಿರಬಾರದು. ಎಲ್ಲ ಮುಗಿದ ಮೇಲೆ ತಟ್ಟೆಗೆ ಒಂದು ತಂಬಿಗೆ ನೀರು ಹುಯ್ದು, ಅದು ಹೊರಗೆ ಬಂದದ್ದನ್ನು ಕಣ್ಣಾರೆ ನೋಡಬೇಕು.

ನನ್ನ ಎರಡನೆಯ ಬೇಸಿಗೆಯ ಒಂದು ಮೇ ತಿಂಗಳ ಸಂಜೆ, ಗುಮಾಸ್ತರೊಬ್ಬರ ಮನೆಯಲ್ಲಿ ಈ ಕೆಲಸವನ್ನು ಮಾವ ನನಗೇ ವಹಿಸಿ ತಾನು ಹೊರಪೆಟ್ಟಿಗೆಯ ಕಡೆ ಹೋಗಿದ್ದ. ಅದು ಆ ದಿನದ ಮೂರನೆಯ ಮನೆ. ಗೋಡೆಯ ತೂತಿನ ಬಳಿ ಪೈಪು ತುಸು ಮೇಲೆದ್ದು ಹೋಗಿತ್ತು. ನನಗೆ ಅದು ಕಂಡಿತ್ತು. ಬಿಚ್ಚಿ ಸರಿಮಾಡುವ ತಾಳ್ಮೆ ಉಳಿದಿರಲಿಲ್ಲ. ಮಾವ ಒಳಗೆ ಬಂದು, "ನೀರು ಹಾಕಿ ನೋಡಿದೇನೋ ತಮ್ಮಾ?" ಎಂದು ಕೇಳಿದ. "ಹೂಂ ಮಾಮಾ" ಎಂದೆ. ನೋಡಿರಲಿಲ್ಲ.

ಮೇ ತಿಂಗಳಲ್ಲಿ ಏನೂ ಆಗಲಿಲ್ಲ. ನಮ್ಮೂರಿನ ಬೇಸಿಗೆಯ ಗಾಳಿ ಎಷ್ಟು ಒಣಗಿರುತ್ತದೆಂದರೆ ಸುರುಳಿಯ ಮೇಲೆ ಇಳಿಯುವ ನೀರು ಬಹಳ ಕಡಿಮೆ. ನನ್ನ ಸುಳ್ಳನ್ನು ಆ ಒಣಗಾಳಿಯೇ ಎರಡು ತಿಂಗಳು ಕಾಪಾಡಿತು. ಜುಲೈಯಲ್ಲಿ ಮಳೆ ಬಿದ್ದು ಗಾಳಿ ತೇವಗೊಂಡಿತು. ಒಂದು ರಾತ್ರಿ ತಟ್ಟೆ ತುಂಬಿ ನೀರು ಗೋಡೆಗುಂಟ ಇಳಿಯಿತು. ಯಂತ್ರದ ಕೆಳಗೆ ಒಂದು ಕಪಾಟು. ಅದರಲ್ಲಿ ಆ ಮನೆಯ ಹಿರಿಯ ಮಗಳು ಶಿಕ್ಷಕರ ನೇಮಕಾತಿ ಪರೀಕ್ಷೆಗಾಗಿ ಎರಡು ವರ್ಷಗಳಿಂದ ಕೈಯಾರೆ ಬರೆದಿಟ್ಟುಕೊಂಡ ನೋಟುಪುಸ್ತಕಗಳು.

ಮರುದಿನ ನಾವು ಹೋದಾಗ ಆಕೆ ಅವುಗಳನ್ನು ಮಾಳಿಗೆಯ ಮೇಲೆ ಹರಡಿ, ಹಾಳೆ ಹಾರದಂತೆ ಒಂದೊಂದರ ಮೇಲೂ ಕಲ್ಲು ಇಟ್ಟು ಕುಳಿತಿದ್ದಳು. ಶಾಯಿ ಹರಡಿ ಅನೇಕ ಪುಟಗಳು ನೀಲಿಯ ಕಲೆಗಳಾಗಿದ್ದವು. ಆಕೆ ಬೈಯಲಿಲ್ಲ. "ಇದು ಮಾತ್ರ ಪೂರ್ತಿ ಹೋಯ್ತು ನೋಡ್ರಿ" ಎಂದು ಎರಡು ಪುಸ್ತಕ ತೋರಿಸಿದಳು. ಬರೆದಿಟ್ಟ ನೋಟ್ಸು ಎಂದರೇನೆಂಬುದು, ಗೈಡು ಕೊಳ್ಳಲಾರದ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಲ್ಲಿಯೇ, ಎಲ್ಲರ ಎದುರಿಗೆ, ನಾನು ನೀರು ಹಾಕಿ ನೋಡಿರಲಿಲ್ಲವೆಂದು ಹೇಳಿಬಿಟ್ಟೆ.

ಮಾವ ಒಂದು ಮಾತೂ ಆಡದೆ ಪೆಟ್ಟಿಗೆಯನ್ನು ಕೆಳಗಿಳಿಸಿದ. ತೂತನ್ನು ಮತ್ತೆ ಕೊರೆದು ಇಳಿಜಾರು ಮಾಡಿ, ಪೈಪು ಬದಲಿಸಿ, ತಟ್ಟೆಗೆ ಮೂರು ತಂಬಿಗೆ ನೀರು ಹುಯ್ದು ತೋರಿಸಿದ. ಜೋಡಣೆಯ ಹಣವನ್ನೂ ಹಿಂದಕ್ಕೆ ಕೊಟ್ಟ. ದಾರಿಯಲ್ಲಿ ಮಾತ್ರ ಹೇಳಿದ: "ನೀರು ಸುಳ್ಳು ಹೇಳಂಗಿಲ್ಲ ತಮ್ಮಾ. ಇಳಿಜಾರು ಇದ್ದ ಕಡೀಗೇ ಹೋಗ್ತದ. ನೀ ಓದಿದವ ಅಂತ ಅದು ಬಿಡೂದಿಲ್ಲ."

ಆ ಎರಡು ನೋಟುಪುಸ್ತಕಗಳನ್ನು ಆಕೆಯ ಗೆಳತಿಯ ಪ್ರತಿಯಿಂದ ನಾನು ಹನ್ನೊಂದು ರಾತ್ರಿ ಕುಳಿತು ನಕಲು ಮಾಡಿಕೊಟ್ಟೆ. ಒಂದು ಕರ್ನಾಟಕದ ಇತಿಹಾಸ, ಇನ್ನೊಂದು ಶೈಕ್ಷಣಿಕ ಮನೋವಿಜ್ಞಾನ. ಕಳೆದದ್ದು ಅದರಿಂದ ಪೂರ್ತಿ ತುಂಬಿತೆಂದು ನಾನು ಹೇಳಲಾರೆ. ಆಕೆ ಅಂಚಿನಲ್ಲಿ ಬರೆದುಕೊಂಡಿದ್ದ ತನ್ನ ಸ್ವಂತ ಟಿಪ್ಪಣಿಗಳನ್ನು ಯಾರು ನಕಲು ಮಾಡಬಲ್ಲರು?

ಆಮೇಲಿನ ಪಾಲನೆ

ಗಾಳಿಯ ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ ತೊಳೆಯುವುದು ಮನೆಯವರೇ ಮಾಡಬಹುದಾದ ಕೆಲಸ. ಜಾಲರಿ ಕಟ್ಟಿಕೊಂಡರೆ ಸುರುಳಿಗೆ ಗಾಳಿ ಸಾಲದೆ ಮಂಜು ಕಟ್ಟುತ್ತದೆ. ಯಂತ್ರವನ್ನು ೧೬ ಡಿಗ್ರಿಗೆ ಇಟ್ಟರೆ ಕೋಣೆ ಬೇಗ ತಂಪಾಗುವುದೆಂಬುದೂ ಬಹುಮಟ್ಟಿಗೆ ಭ್ರಮೆ. ಹೆಚ್ಚು ಹೊತ್ತು ನಡೆದು ಹೆಚ್ಚು ವಿದ್ಯುತ್ತು ತಿನ್ನುವುದಷ್ಟೇ ಲಾಭ. ನಕ್ಷತ್ರದ ಗುರುತು ಪಡೆದ ಕೋಣೆಯ ಏಸಿಗಳು ಮೊದಲಿಗೆ ೨೪ ಡಿಗ್ರಿಯಲ್ಲೇ ನಿಲ್ಲುವಂತೆ ಇರಬೇಕೆಂದು ೨೦೨೦ರ ಜನವರಿ ೧ರಿಂದ ಭಾರತ ಸರಕಾರವು ನಿಯಮ ಮಾಡಿದೆ.

ಎಲ್ಲಕ್ಕಿಂತ ಹೆಚ್ಚಾಗಿ ತಿಳಿಯಬೇಕಾದ ಸಂಗತಿಯೊಂದಿದೆ. ಗ್ಯಾಸು ಲಾಂದ್ರದ ಎಣ್ಣೆಯಂತೆ ಉರಿದು ಮುಗಿಯುವ ವಸ್ತುವಲ್ಲ. ಸುರುಳಿಗಳಲ್ಲಿ ಸುತ್ತುತ್ತಾ ವರ್ಷಗಟ್ಟಲೆ ಅಷ್ಟೇ ಇರಬೇಕು. ಕಡಿಮೆಯಾಗಿದೆಯೆಂದರೆ ಎಲ್ಲಿಯೋ ಸೋರಿದೆ ಎಂದೇ ಅರ್ಥ. ನಮ್ಮ ಓಣಿಯ ನಿವೃತ್ತ ಶಿಕ್ಷಕಿಯೊಬ್ಬರು, ನಾವೆಲ್ಲ ಅಕ್ಕೋರು ಎಂದು ಕರೆಯುವವರು, ಮೂರು ಬೇಸಿಗೆಗಳಲ್ಲಿ ಮೂರು ಸಲ ತಮ್ಮ ಪಿಂಚಣಿಯಿಂದ ಗ್ಯಾಸು ತುಂಬಿಸಿದ್ದರು. ಬಂದವನು ಪ್ರತಿಸಲವೂ "ಗ್ಯಾಸ್ ಮುಗದದ್ರಿ" ಎಂದು ತುಂಬಿಸಿ ಹಣ ಪಡೆದು ಹೋಗಿದ್ದ. ನಾಲ್ಕನೆಯ ಬೇಸಿಗೆಯಲ್ಲಿ ಮಾವ ಸಾಬೂನಿನ ನೊರೆ ಹಚ್ಚಿ ನೋಡಿದಾಗ ಒಳಸುರುಳಿಯ ಬಳಿಯ ಫ್ಲೇರಿನಲ್ಲಿ ಕೂದಲೆಳೆಯಷ್ಟು ಬಿರುಕು. ಅದನ್ನು ಕತ್ತರಿಸಿ ಹೊಸದಾಗಿ ಅರಳಿಸಲು ಹಿಡಿದದ್ದು ಕಾಲು ಗಂಟೆ. ಅಕ್ಕೋರು, "ಇಷ್ಟು ವರ್ಷ ಮಕ್ಕಳಿಗೆ 'ಯಾಕ ಅಂತ ಕೇಳ್ರಿ' ಅಂತ ಕಲಿಸಿದೆ. ನಾನೇ ಕೇಳಲಿಲ್ಲ ನೋಡಪಾ" ಎಂದು ನಕ್ಕರು.

ಉಪಸಂಹಾರ

ಯಂತ್ರದ ಪೆಟ್ಟಿಗೆಯನ್ನು ಅಂಗಡಿಯಲ್ಲಿ ಕೊಳ್ಳಬಹುದು. ತಂಪನ್ನು ಅಲ್ಲಿ ಕೊಳ್ಳಲಾಗುವುದಿಲ್ಲ. ಅದರ ಅರ್ಧವು ಜೋಡಿಸುವ ದಿನ, ಯಾರ ಕಣ್ಣಿಗೂ ಬೀಳದ ಸಂದುಗಳಲ್ಲಿ ನಿರ್ಧಾರವಾಗುತ್ತದೆ. ಆದುದರಿಂದ ಹಣ ಎಣಿಸಿ ಕೊಡುವ ಮುಂಚೆ ಮೂರು ಪ್ರಶ್ನೆಗಳನ್ನು ಕೇಳಬೇಕೆಂದು ವಾಚಕರಲ್ಲಿ ನನ್ನ ವಿಜ್ಞಾಪನೆ. ಈ ಸುರುಳಿ ಈ ಕೋಣೆಗೂ ಆ ಹೊರಪೆಟ್ಟಿಗೆಗೂ ತಕ್ಕುದೇ? ಪಂಪು ಹಾಕಿ ಗಾಳಿ ತೆಗೆದಿರಾ, ಮುಳ್ಳು ನಿಂತದ್ದನ್ನು ತೋರಿಸುವಿರಾ? ಒಂದು ತಂಬಿಗೆ ನೀರು ಹಾಕಿ ಹೊರಗೆ ಬಂದದ್ದನ್ನು ನೋಡೋಣವೇ? ಒಳ್ಳೆಯ ಕೆಲಸಗಾರನಿಗೆ ಈ ಪ್ರಶ್ನೆಗಳಿಂದ ಸಿಟ್ಟು ಬರುವುದಿಲ್ಲ. ತನ್ನ ಕಾಣದ ಕೆಲಸವನ್ನು ಒಬ್ಬರಾದರೂ ಕಂಡರೆಂದು ಅವನಿಗೆ ಸಂತೋಷವೇ ಆಗುತ್ತದೆ. ಕೇಳುವಾಗ ಅವನಿಗೂ ಒಂದು ಲೋಟ ನೀರು ಕೊಡುವುದನ್ನು ಮರೆಯಬಾರದು. ೪೨ ಡಿಗ್ರಿಯ ಬಿಸಿಲಿನಲ್ಲಿ ಹೊರಗೋಡೆಗೆ ಜೋತು ನಿಂತು ಇತರರಿಗೆ ತಂಪು ಕೂಡಿಸುವವನು ಅವನು.

ನಮ್ಮ ಮನೆಯಲ್ಲಿ ಏಸಿ ಇಲ್ಲ. ತಂದೆ ಈಗಲೂ ಸಂಜೆ ಮಾಳಿಗೆಗೆ ನೀರು ಚಿಮುಕಿಸಿ, ಕೊಡದ ನೀರು ಕುಡಿದು ಅಲ್ಲಿಯೇ ಮಲಗುತ್ತಾರೆ. ಪದವಿ ಮುಗಿದ ಮೇಲೆ ನಾನು ಯಾವ ಕೆಲಸಕ್ಕೆ ಸೇರುವೆನೋ ತಿಳಿಯದು. ಯಾವುದಕ್ಕೆ ಸೇರಿದರೂ, ಮುಗಿಯಿತೆಂದು ಹೇಳುವ ಮೊದಲು ಒಂದು ತಂಬಿಗೆ ನೀರು ಹಾಕಿ ನೋಡಬೇಕೆಂದುಕೊಂಡಿದ್ದೇನೆ.